ಓಡದ ಸ್ಟೀಮ್ ಇಂಜಿನ್ ಕಿಟ್‌ಗೆ ಮೋಟರ್ ಕೂರಿಸೋದು ಹೇಗೆ

ಮೊದಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಮೋಟರ್ ಕೂರಿಸೋದು ಚಿಕ್ಕ ಕೆಲಸ. ಶೋಕೇಸಲ್ಲಿಡೋಕೆ ಅಂತ ಬರೋ ಪ್ಲಾಸ್ಟಿಕ್ ಸ್ಟೀಮ್ ಇಂಜಿನ್ ಕಿಟ್ ಮೋಟರ್ ಇಲ್ದೇನೇ ಸಲೀಸಾಗಿ ಉರುಳೋ ಹಾಗೆ ಮಾಡೋದಿದ್ಯಲ್ಲ, ಮುಕ್ಕಾಲು ಪಾಲು ಟೈಮು ಅಲ್ಲೇ ಹೋಗತ್ತೆ, ಅದನ್ನ ಬಿಟ್ಟು ಸೀದಾ ಮೋಟರ್ ತಂದು ಅಂಟಿಸಿದ್ರೆ ಇಂಜಿನ್ ಕುಂಟ್ತಾ ಕುಂಟ್ತಾ ನಾಲ್ಕು ಇಂಚು ಹೋಗಿ ನಿಲ್ಲತ್ತೆ, ಆಮೇಲೆ ಎಲ್ರೂ ಮೋಟರನ್ನೇ ಬೈತಾರೆ.

ಈ ತರದ ಕಿಟ್‌ಗಳಿಗೆ ಹಳೇ ಇತಿಹಾಸ ಇದೆ. ಇಂಗ್ಲೆಂಡಿನ ರೋಸ್‌ಬಡ್ ಕಂಪನಿ 1959ರಲ್ಲಿ ಕಿಟ್‌ಮಾಸ್ಟರ್ ಅನ್ನೋ ಹೆಸರಲ್ಲಿ ಶುರು ಮಾಡ್ತು, 1962ರಲ್ಲಿ ಆ ಅಚ್ಚುಗಳು ಏರ್‌ಫಿಕ್ಸ್ ಕೈಗೆ ಹೋದ್ವು, ಮುಂದೆ ಡಾಪೋಲ್‌ಗೆ. ಇಂಜಿನ್ ಒಳಗೆ ಮೋಟರ್ ಹಾಕೋ ತಲೆನೋವೇ ಬೇಡ ಅನ್ನೋರಿಗೆ ಕಿಟ್‌ಮಾಸ್ಟರ್‌ನೋರೇ ಆವಾಗ ಮೋಟರ್ ಇರೋ ಒಂದು ಗೂಡ್ಸ್ ಡಬ್ಬಿ ಮಾರ್ತಿದ್ರು, ಅದು ಹಿಂದಿನಿಂದ ಇಂಜಿನ್ನನ್ನ ತಳ್ತಿತ್ತು. ಹಾಗಾಗಿ ನೀವೂ ಬೇರೆ ಡಬ್ಬಿಲಿ ಮೋಟರ್ ಇಟ್ಟು ತಳ್ಳಿಸಿದ್ರೆ ಅದೇನು ಮೋಸ ಅಲ್ಲ, ಮಕ್ಕಳ ಜೊತೆ ಮಾಡೋದಾದ್ರೆ ಅದೇ ಒಳ್ಳೇದು ಕೂಡ. ಆದ್ರೆ ಇಲ್ಲಿ ನಾನು ಹೇಳ್ತಿರೋದು ಇಂಜಿನ್ ಒಳಗೇ ಮೋಟರ್ ಇಡೋ ದಾರಿ.

ಯಾವ ಕಿಟ್ ತಗೋಬೇಕು

ಬ್ರಿಟಿಷ್ ಕಿಟ್‌ಗಳು ಹೆಚ್ಚಾಗಿ ಓಓ ಸ್ಕೇಲ್, ಅಂದ್ರೆ 1:76.2, ನಿಜವಾದ ಅಳತೆನ 76.2ರಿಂದ ಭಾಗಿಸಿದಷ್ಟು, ಹಳಿ ಅಗಲ 16.5 ಮಿಮೀ. ಜರ್ಮನ್ ಕಡೆಯವು ಎಚ್‌ಓ, 1:87, ಹಳಿ ಮಾತ್ರ ಅದೇ 16.5. ನೋಡೋಕೆ ಚೆನ್ನಾಗಿದೆ ಅಂತ ಮೊದಲ ಸಲಕ್ಕೇ ಈವ್ನಿಂಗ್ ಸ್ಟಾರ್ ಅನ್ನೋ ದೊಡ್ಡ ಇಂಜಿನ್ನಿನ ಕಿಟ್ ತಗೋಬೇಡಿ ಮಾರಾಯ್ರೆ, ಅದ್ರಲ್ಲಿ ರಾಡು ಸೇರಿಸಿರೋ ದೊಡ್ಡ ಚಕ್ರ, ಅಂದ್ರೆ ಡ್ರೈವಿಂಗ್ ಚಕ್ರ ಹತ್ತು, ಮೇಲೆ ಹೊರಗಡೆ ಕಾಣೋ ವಾಲ್‌ಶಾರ್ಟ್ಸ್ ವಾಲ್ವ್ ಗೇರಿನ (ಸಿಲಿಂಡರಿಗೆ ಹಬೆ ಬಿಡೋ ವಾಲ್ವನ್ನ ಆಡಿಸೋ ಜೋಡಣೆ) ಅಷ್ಟೂ ಕಡ್ಡಿಗಳು, ಒಂದು ಹಿಡ್ಕೊಂಡ್ರೆ ಎಲ್ಲಾ ಹಿಡ್ಕೊಳತ್ತೆ. ನಾನು ಹೇಳೋದು ಪ್ರೇರಿ ಟ್ಯಾಂಕ್. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆದು, 2-6-2, ಅಂದ್ರೆ ಮುಂದೆ ಎರಡು ಸಣ್ಣ ಚಕ್ರ, ನಡುವೆ ಆರು ಡ್ರೈವಿಂಗ್ ಚಕ್ರ, ಹಿಂದೆ ಎರಡು ಸಣ್ಣ ಚಕ್ರ, ಸಿಲಿಂಡರ್ ಹೊರಗಿದ್ರೂ ವಾಲ್ವ್ ಗೇರ್ ಫ್ರೇಮಿನ ಒಳಗಿರೋದ್ರಿಂದ ಹೊರಗೆ ಚಕ್ರಗಳನ್ನ ಒಂದಕ್ಕೊಂದು ಸೇರಿಸೋ ಕಪ್ಲಿಂಗ್ ರಾಡು, ಪಿಸ್ಟನ್ನಿಂದ ಚಕ್ರಕ್ಕೆ ಹೋಗೋ ಕನೆಕ್ಟಿಂಗ್ ರಾಡು, ಪಿಸ್ಟನ್ ಇಷ್ಟೇ. ಜೊತೆಗೆ ಎರಡೂ ಪಕ್ಕ ನೀರಿನ ಟ್ಯಾಂಕ್ ಇರೋದ್ರಿಂದ ಬ್ಯಾಟರಿ, ತೂಕಕ್ಕೆ ಹಾಕೋ ಸೀಸ ಎಲ್ಲದಕ್ಕೂ ಜಾಗ ಸಿಗತ್ತೆ. ಫೈರ್‌ಬಾಕ್ಸ್, ಅಂದ್ರೆ ಕ್ಯಾಬ್ ಮುಂದೆ ಬೆಂಕಿ ಉರಿಯೋ ಭಾಗ, ಚೌಕಾಕಾರದ ಹೆಗಲಿರೋ ಬೆಲ್‌ಪೇರ್ ಟೈಪು, ಮೋಟರ್ ನಿಲ್ಸೋಕೆ ಹೇಳಿ ಮಾಡಿಸಿದ ಹಾಗಿದೆ.

ತಾಳಗುಪ್ಪ ಲೈನಲ್ಲಿ ಬ್ರಾಡ್ ಗೇಜ್ ಆಗೋಕೆ ಮುಂಚೆ ಓಡ್ತಿದ್ದ ರೈಲ್ ಬಸ್ ನೆನಪಿರೋರು ಇದ್ರೆ, ರೈಲ್ ಬಸ್ಸಿನ ಕಿಟ್ ಕೂಡ ಅದೇ ಸೀರೀಸಲ್ಲಿದೆ, ಅದು ಬ್ರಿಟನ್ ಮಾದರಿದು. ಬರೀ ನಾಲ್ಕು ಚಕ್ರ, ರಾಡಿನ ಗೋಜೇ ಇಲ್ಲ, ಮೋಟರ್ ಹಾಕೋದು ಎಷ್ಟೋ ಸುಲಭ. ಆದ್ರೆ ರಾಡು ಓಡಾಡೋದು ನೋಡೋಕೇ ತಾನೇ ನಾವು ಸ್ಟೀಮ್ ಇಂಜಿನ್ ಹಿಂದೆ ಬೀಳೋದು.

ಹಳಿಲಿ ಕರೆಂಟಾ, ಬ್ಯಾಟರಿನಾ

ಪುಸ್ತಕದ ದಾರಿ ಅಂದ್ರೆ ಹಳಿಗೆ 12 ವೋಲ್ಟ್ ಡಿಸಿ ಕೊಟ್ಟು ಮೆಟಲ್ ಚಕ್ರದಿಂದ ತೆಳ್ಳಗಿನ ಬ್ರಾಂಜ್ ಪಟ್ಟಿ ಉಜ್ಜಿಸಿ ಕರೆಂಟ್ ತಗೊಳೋದು. ನಮ್ಮ ಕಡೆಗೆ ನಾನು ಅದನ್ನ ಹೇಳಲ್ಲ. ಒಂದು, ಕಿಟ್ ಚಕ್ರ ಪ್ಲಾಸ್ಟಿಕ್, ಕರೆಂಟ್ ಹರಿಯಲ್ಲ, ಬದಲಿ ಮೆಟಲ್ ಚಕ್ರ ಹೊರದೇಶದಿಂದ ತರಿಸೋಕೆ ಹೋದ್ರೆ ಕಿಟ್ಟಿಗಿಂತ ಚಕ್ರಕ್ಕೇ ಜಾಸ್ತಿ ದುಡ್ಡು. ಎರಡು, ಜೂನಿಂದ ಸೆಪ್ಟೆಂಬರ್ ತನಕ ತೀರ್ಥಹಳ್ಳಿ, ಹೊಸನಗರ ಕಡೆ ಮನೆ ಒಳಗಿನ ತೇವಕ್ಕೆ ಬೀರುಲಿರೋ ಬಟ್ಟೆನೇ ಬೂಸ್ಟು ಹಿಡಿಯತ್ತೆ, ಸ್ಟೀಲ್ ಹಳಿ ಬಿಡ್ತದಾ, ನಿಕಲ್ ಸಿಲ್ವರ್ ಹಳಿಗೂ ಆಗಾಗ ಒರೆಸೋ ಕೆಲಸ ತಪ್ಪಲ್ಲ. ಮೂರನೇದು ಗೊತ್ತೇ ಇದೆ, ಗಾಳಿಮಳೆ ಬಂದ್ರೆ ಕರೆಂಟಿರಲ್ಲ. ಇಂಜಿನ್ ಒಳಗೇ ಬ್ಯಾಟರಿ ಇದ್ರೆ ಈ ಮೂರೂ ಕಿರಿಕಿರಿ ಇಲ್ಲ, ಹಳಿ ಎಷ್ಟು ಹಳೇದಾದ್ರೂ ಪರ್ವಾಗಿಲ್ಲ, ಕಿಟ್ಟಿನ ಪ್ಲಾಸ್ಟಿಕ್ ಚಕ್ರನೇ ಸಾಕು.

ಮೋಟರ್ ಆರಿಸೋದು

ಕಾಲೇಜ್ ಹುಡುಗರು ರೋಬೋಟ್ ಪ್ರಾಜೆಕ್ಟಿಗೆ ಬಳಸೋ ಎನ್20 ಗೇರ್ ಮೋಟರ್ ತಗೊಳಿ. ಅಗಲ 12 ಮಿಮೀ, ದಪ್ಪ 10 ಮಿಮೀ, ಗೇರ್‌ಬಾಕ್ಸ್ ಸೇರಿ ಉದ್ದ ಸುಮಾರು 25 ಮಿಮೀ, ಶಾಫ್ಟ್ 3 ಮಿಮೀ, ಒಂದು ಪಕ್ಕ ಚಪ್ಪಟೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗತ್ತೆ, ಆನ್‌ಲೈನಲ್ಲೂ ಸಿಗತ್ತೆ. ಒಂದೇ ಗಾತ್ರದಲ್ಲಿ ಬೇರೆ ಬೇರೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ಬರೋದ್ರಿಂದ ಯಾವುದು ಬೇಕು ಅಂತ ಲೆಕ್ಕ ಹಾಕಿಯೇ ಆರ್ಡರ್ ಮಾಡಿ, ಜಾಸ್ತಿ ಇದ್ರೆ ಒಳ್ಳೇದು ಅಂತ 500 ಆರ್‌ಪಿಎಂ ತರಿಸಿದ್ರೆ ಇಂಜಿನ್ ಇಲಿ ಓಡಿದ ಹಾಗೆ ಓಡತ್ತೆ, ಎಳೆಯೋ ಶಕ್ತಿನೂ ಇರಲ್ಲ.

ಲೆಕ್ಕ ಇಷ್ಟೇ. ನಿಜವಾದ ಇಂಜಿನ್ ಗಂಟೆಗೆ ಎಷ್ಟು ಕಿಮೀ ಹೋಗೋ ಹಾಗೆ ಕಾಣ್ಬೇಕೋ ಅದನ್ನ 16,667ರಿಂದ ಗುಣಿಸಿ, ಸ್ಕೇಲಿಂದ ಭಾಗಿಸಿ, ಬಂದಿದ್ದನ್ನ ಮಾಡೆಲ್ ಚಕ್ರದ ಸುತ್ತಳತೆಯಿಂದ ಭಾಗಿಸಿ. ಪ್ರೇರಿ ಟ್ಯಾಂಕಿನ ಚಕ್ರ ನಿಜದಲ್ಲಿ 5 ಅಡಿ 8 ಇಂಚು, ಓಓದಲ್ಲಿ 22.7 ಮಿಮೀ, ಸುತ್ತಳತೆ 71.3 ಮಿಮೀ. ಗಂಟೆಗೆ 40 ಕಿಮೀ ಅಂತ ಇಟ್ಕೊಂಡ್ರೆ ಚಕ್ರ ನಿಮಿಷಕ್ಕೆ ಸುಮಾರು 123 ಸುತ್ತು ತಿರುಗ್ಬೇಕು. ಈಗ 6 ವೋಲ್ಟಿಗೆ 200 ಆರ್‌ಪಿಎಂ ಅಂತ ಬರೆದಿರೋ ಮೋಟರಿಗೆ 3.7 ವೋಲ್ಟಿನ ಒಂದು ಲಿಥಿಯಂ ಸೆಲ್ ಹಾಕಿದ್ರೆ ಎಷ್ಟು ಬರತ್ತೆ ನೋಡಿ, ಹೆಚ್ಚುಕಮ್ಮಿ ಅದೇ 123. ಲೋಡ್ ಬಿದ್ಮೇಲೆ ಇನ್ನೂ ಸ್ವಲ್ಪ ಇಳಿಯತ್ತೆ, ಬ್ರಾಂಚ್ ಲೈನ್ ಪ್ಯಾಸೆಂಜರ್ ರೈಲಿಗೆ ಅಷ್ಟೇ ಚಂದ. ನಮ್ಮ ಮೀಟರ್ ಗೇಜ್ ವೈಪಿ ಇಂಜಿನ್ನನ್ನೇ ಎಚ್‌ಓದಲ್ಲಿ ಮಾಡ್ತೀನಿ ಅನ್ನೋರಿಗೆ ಚಕ್ರ 54 ಇಂಚು, ಮಾಡೆಲಲ್ಲಿ 15.8 ಮಿಮೀ, ಅದೇ ವೇಗಕ್ಕೆ 154 ಆರ್‌ಪಿಎಂ ಬೇಕು, ಹಳಿನೂ 12 ಮಿಮೀದು ಬೇಕಾಗತ್ತೆ.

ಎನ್20 ಗೇರ್‌ಬಾಕ್ಸನ್ನ ಹೊರಗಿನಿಂದ ತಿರುಗಿಸ್ಬಾರ್ದು, ಗೇರ್ ಹಲ್ಲು ಹೋಗತ್ತೆ. ಅಂದ್ರೆ ಮೋಟರ್ ಕೂರಿಸಿದ್ಮೇಲೆ ಇಂಜಿನ್ನನ್ನ ಕೈಯಲ್ಲಿ ತಳ್ಳಿ ನೋಡೋ ಹಾಗಿಲ್ಲ. ಉರುಳತ್ತಾ ಇಲ್ವಾ ಅನ್ನೋ ಪರೀಕ್ಷೆ ಎಲ್ಲಾ ಅದಕ್ಕೆ ಮುಂಚೆನೇ ಮುಗಿಸ್ಬೇಕು.

ಆಕ್ಸಲ್

ಕಿಟ್ಟಲ್ಲಿ ಬರೋ ಪ್ಲಾಸ್ಟಿಕ್ ಆಕ್ಸಲ್ ಶೋಕೇಸಿಗೆ ಸರಿ, ಓಡೋಕಲ್ಲ. ಮೋಟರ್ ತಿರುಗಿಸೋ ಹಿಂದಿನ ಆಕ್ಸಲ್ಲಿಗೆ 3 ಮಿಮೀ ಸ್ಟೀಲ್ ರಾಡ್ ಹಾಕಿ, ಉಳಿದೆರಡಕ್ಕೆ ಸೈಕಲ್ ಸ್ಪೋಕ್ ಸಾಕು, ಅದು ಸಾಮಾನ್ಯವಾಗಿ 2 ಮಿಮೀ ಇರತ್ತೆ, ನೆಟ್ಟಗಿರೋ ಹೊಸ ಸ್ಪೋಕನ್ನೇ ತಗೊಳಿ. ಫ್ರೇಮಿನ ತೂತನ್ನ ದೊಡ್ಡದು ಮಾಡಿ ಹಿತ್ತಾಳೆ ಟ್ಯೂಬಿನ ಚಿಕ್ಕ ತುಂಡು ಕೂರಿಸಿದ್ರೆ ಬೇರಿಂಗ್ ಆಯ್ತು. ಆದ್ರೆ ಎರಡೂ ಪಕ್ಕದ ಫ್ರೇಮ್ ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಸಲ ಡ್ರಿಲ್ ಹೊಡೀರಿ, ಬೇರೆ ಬೇರೆ ಹೊಡೆದ್ರೆ ಆಕ್ಸಲ್ ಓರೆ ಕೂರತ್ತೆ, ಮುಂದೆ ಏನು ಮಾಡಿದ್ರೂ ಸರಿ ಹೋಗಲ್ಲ. ಚಕ್ರದ ನಡುವಿನ ತೂತನ್ನ ಒಂದೇ ಏಟಿಗೆ ದೊಡ್ಡದು ಮಾಡೋಕೆ ಹೋಗ್ಬೇಡಿ, ಕೈ ಡ್ರಿಲ್ಲಲ್ಲಿ 1, 1.5, 2 ಹೀಗೆ ಹಂತಹಂತವಾಗಿ ಹೋಗಿ. ಚಕ್ರಗಳ ಒಳಮೈಯಿಂದ ಒಳಮೈಗೆ 14.4-14.5 ಮಿಮೀ ಇರ್ಬೇಕು, ವರ್ನಿಯರ್ ಇದ್ರೆ ಸರಿ, ಇಲ್ಲಾಂದ್ರೆ ಅಷ್ಟೇ ಅಗಲದ ಒಂದು ಪ್ಲಾಸ್ಟಿಕ್ ತುಂಡು ಕತ್ತರಿಸಿ ಅಳತೆಗೆ ಇಟ್ಕೊಳಿ.

ಹಿಂದಿನ ಆಕ್ಸಲ್ ಪಕ್ಕಕ್ಕೆ ಅಲ್ಲಾಡ್ಬಾರ್ದು, ಅಲ್ಲಾಡಿದ್ರೆ ಗೇರ್ ಹಲ್ಲು ಕಚ್ಚೋದು ತಪ್ಪತ್ತೆ. ನಡುವಿನದು, ಮುಂದಿನದು ಎರಡಕ್ಕೂ ಅರ್ಧ ಮಿಮೀ ಆಟ ಬಿಡಿ, ಇಲ್ಲಾಂದ್ರೆ ತಿರುವಲ್ಲಿ ಹಳಿ ತಪ್ಪತ್ತೆ. ಹಿಂದಿನದು ಗೇರ್ ಹಾಕೋ ಆಕ್ಸಲ್ ಆಗಿರೋದ್ರಿಂದ ಅದ್ರ ಎರಡನೇ ಚಕ್ರ ಅಂಟಿಸೋಕೆ ಮುಂಚೆ ಅದಕ್ಕೆ ಬೆವೆಲ್ ಗೇರ್ (ನಿಂತ ಶಾಫ್ಟಿನ ತಿರುಗಾಟನ ಅಡ್ಡ ಆಕ್ಸಲ್ಲಿಗೆ ಕೊಡೋ ಓರೆ ಗೇರ್) ತೂರಿಸ್ಕೊಂಡಿರ್ಬೇಕು ಅನ್ನೋದು ಮರೀಬೇಡಿ, ಆಮೇಲೆ ತೂರಿಸೋಕಾಗಲ್ಲ.

ಕ್ವಾರ್ಟರಿಂಗ್, ಇಲ್ಲೇ ಇರೋದು ಎಲ್ಲಾ

ಸ್ಟೀಮ್ ಇಂಜಿನಲ್ಲಿ ಎಡಗಡೆ ಕ್ರ್ಯಾಂಕ್ ಪಿನ್ನಿಗೂ (ಚಕ್ರಕ್ಕೆ ರಾಡು ಸಿಕ್ಕಿಸೋ ಪಿನ್ನು) ಬಲಗಡೆದಕ್ಕೂ 90 ಡಿಗ್ರಿ ವ್ಯತ್ಯಾಸ ಇರತ್ತೆ, ಇದನ್ನೇ ಕ್ವಾರ್ಟರಿಂಗ್ ಅನ್ನೋದು, ಒಂದು ಪಕ್ಕದ ಪಿಸ್ಟನ್ ತುದಿಗೆ ಹೋಗಿ ಸತ್ತ ಹಾಗೆ ನಿಂತಾಗ ಇನ್ನೊಂದು ಪಕ್ಕದ್ದು ಪೂರ್ತಿ ತಳ್ಳೋ ಜಾಗದಲ್ಲಿರ್ಲಿ ಅಂತ. ಮಾಡೆಲಲ್ಲಿ ಆ 90 ಒಂದೆರಡು ಡಿಗ್ರಿ ಆಚೀಚೆ ಆದ್ರೂ ತೊಂದ್ರೆ ಇಲ್ಲ, ಆದ್ರೆ ಮೂರೂ ಆಕ್ಸಲ್ಲಲ್ಲಿ ಒಂದೇ ತರ ಇರ್ಬೇಕು. ಮೂರೂ 88 ಇದ್ರೆ ಓಡತ್ತೆ, ಎರಡು 90 ಇದ್ದು ಒಂದು 88 ಇದ್ರೆ ಹಿಡ್ಕೊಳತ್ತೆ.

ಮಾಡೋದು ಹೀಗೆ. ಒಂದು ಚಕ್ರ ಆಕ್ಸಲ್ಲಿಗೆ ಗಟ್ಟಿಯಾಗಿ ಅಂಟಿಸಿ ಒಣಗಿಸ್ಕೊಳಿ. ಒಂದು ಮರದ ತುಂಡಿಗೆ ಆಕ್ಸಲ್ ಕೂರೋ ಹಾಗೆ ವಿ ಆಕಾರದ ಕಚ್ಚು ಹಾಕಿ, ಅದ್ರ ಒಂದು ಪಕ್ಕ ಕ್ರ್ಯಾಂಕ್ ಪಿನ್ ನೇರ ಮೇಲಕ್ಕೆ ನಿಲ್ಲೋ ಜಾಗದಲ್ಲಿ ಒಂದು ತಡೆ, ಇನ್ನೊಂದು ಪಕ್ಕ ಪಿನ್ ಅಡ್ಡಕ್ಕೆ ನಿಲ್ಲೋ ಜಾಗದಲ್ಲಿ ಇನ್ನೊಂದು ತಡೆ, ಎರಡಕ್ಕೂ ಗುಂಡುಸೂಜಿ ಸಾಕು. ಎರಡನೇ ಚಕ್ರಕ್ಕೆ ನಿಧಾನ ಒಣಗೋ ಎಪಾಕ್ಸಿ ಹಚ್ಚಿ ತೂರಿಸಿ, ಎರಡೂ ಪಿನ್ ತಡೆಗೆ ತಾಗೋ ಹಾಗೆ ಕೂರಿಸಿ ರಾತ್ರಿ ಪೂರ್ತಿ ಬಿಟ್ಬಿಡಿ. ಮೂರು ಆಕ್ಸಲ್ಲಿಗೂ ಅದೇ ಮರದ ತುಂಡು, ಅದೇ ತಡೆ, ಚಕ್ರ ಎಡಬಲ ಅದಲುಬದಲು ಮಾಡ್ಬಾರ್ದು. ಸೂಪರ್ ಗ್ಲೂ ಬೇಡ, ತಿದ್ದೋಕೆ ಟೈಮೇ ಕೊಡಲ್ಲ, ಸುತ್ತಮುತ್ತ ಬೆಳ್ಳಗೂ ಆಗತ್ತೆ. ನಟ್ಟು ಸಡಿಲ ಆಗ್ದಿರ್ಲಿ ಅಂತ ಹಾಕೋ ಥ್ರೆಡ್‌ಲಾಕರನ್ನಂತೂ ಪ್ಲಾಸ್ಟಿಕ್ಕಿನ ಹತ್ರ ತರ್ಬೇಡಿ, ಪ್ಲಾಸ್ಟಿಕ್ ಸೀಳು ಬಿಡತ್ತೆ. ಮಳೆಗಾಲದಲ್ಲಿ ಬೇಗ ಒಣಗ್ಲಿ ಅಂತ ಬಚ್ಚಲ ಒಲೆ ಹತ್ರ ಇಡೋ ಅಭ್ಯಾಸ ನಮ್ಮ ಕಡೆ ಎಲ್ಲದಕ್ಕೂ ಇದೆ, ಇದಕ್ಕೆ ಬೇಡ, ಕಿಟ್ಟಿನ ಪ್ಲಾಸ್ಟಿಕ್ ಕುದಿಯೋ ನೀರಿನ ಬಿಸಿಗೇ ಮೆತ್ತಗಾಗಿ ಸೊಟ್ಟ ಆಗತ್ತೆ.

ಕ್ರ್ಯಾಂಕ್ ಪಿನ್ನಿಗೆ ಮೊಬೈಲ್ ರಿಪೇರಿ ಅಂಗಡಿಲಿ ಸಿಗೋ ಸಣ್ಣ ಸ್ಕ್ರೂ ಚೆನ್ನಾಗಿ ಆಗತ್ತೆ, ಮೆಲ್ಲಗೆ ಕೇಳಿದ್ರೆ ಒಂದು ಮುಷ್ಟಿ ಸುಮ್ನೆ ಕೊಡ್ತಾರೆ. ರಾಡು ಮತ್ತೆ ಸ್ಕ್ರೂ ತಲೆ ಮಧ್ಯೆ ವಾಷರ್ ತರ ಖಾಲಿ ಬಾಲ್‌ಪೆನ್ ರೀಫಿಲ್ಲಿನ ತೆಳು ತುಂಡು ಹಾಕಿ.

ಈಗ ಕಪ್ಲಿಂಗ್ ರಾಡ್ ಹಾಕಿ, ಚಾಸಿಯನ್ನ, ಅಂದ್ರೆ ಚಕ್ರ ಕೂರಿಸಿದ ಫ್ರೇಮನ್ನ ಗಾಜಿನ ಮೇಲಿಟ್ಟು ಬೆರಳಲ್ಲಿ ನಿಧಾನಕ್ಕೆ ಒಂದು ಸುತ್ತು ತಳ್ಳಿ. ಎಲ್ಲೋ ಒಂದು ಕಡೆ ಬಿಗಿ ಆಗತ್ತೆ, ಆಗೇ ಆಗತ್ತೆ. ಕಣ್ಮುಚ್ಕೊಂಡು ರಾಡಿನ ತೂತು ದೊಡ್ಡದು ಮಾಡೋಕೆ ಹೋಗ್ಬೇಡಿ, ಮೊದ್ಲು ಎಲ್ಲಿ ಬಿಗಿ ಆಯ್ತು ಅಂತ ಚಕ್ರದ ಮೇಲೆ ಸ್ಕೆಚ್ ಪೆನ್ನಲ್ಲಿ ಗುರುತು ಹಾಕಿ. ಒಂದು ಪಕ್ಕದ ಪಿನ್ನುಗಳು ಸರಿಯಾಗಿ ಮುಂದೆ ಅಥವಾ ಸರಿಯಾಗಿ ಹಿಂದೆ, ಅಂದ್ರೆ ಗಡಿಯಾರದ ಮೂರು ಗಂಟೆ ಒಂಬತ್ತು ಗಂಟೆ ಜಾಗದಲ್ಲಿರೋವಾಗ ಬಿಗಿ ಆದ್ರೆ ಆ ಪಕ್ಕದ ರಾಡಿನ ತೂತುಗಳ ದೂರಕ್ಕೂ ಆಕ್ಸಲ್‌ಗಳ ದೂರಕ್ಕೂ ತಾಳೆ ಇಲ್ಲ ಅಂತ ಅರ್ಥ. ಪಿನ್ನು ಓರೆಯಾಗಿ 45 ಡಿಗ್ರಿಲಿ ಇರೋವಾಗ ಬಿಗಿ ಆದ್ರೆ ರಾಡ್ ಸರಿ ಇದೆ, ಕ್ವಾರ್ಟರಿಂಗ್ ತಪ್ಪಿದೆ. ಕಾರಣನೂ ಸರಳ. ಪಿನ್ನು ಮುಂದೆ ಹಿಂದೆ ತುದಿಲಿರೋವಾಗ ಚಕ್ರ ಒಂಚೂರು ತಿರುಗಿದ್ರೂ ರಾಡಿನ ಉದ್ದದ ತಪ್ಪನ್ನ ನುಂಗೋಕಾಗಲ್ಲ. ಕ್ವಾರ್ಟರಿಂಗ್ ತಪ್ಪಾದ್ರೆ ಆ ತುದಿಗಳಲ್ಲಿ ಒಂದು ಪಕ್ಕ ಸುಮ್ನಿರತ್ತೆ, ಓರೆ ಜಾಗದಲ್ಲಿ ಮಾತ್ರ ಎರಡೂ ಪಕ್ಕ ಒಟ್ಟಿಗೆ ಜಗಳ ಆಡತ್ತೆ. ರಾಡಿನ ತಪ್ಪಾದ್ರೆ ತೂತನ್ನ ಕೂದಲೆಳೆಯಷ್ಟು ಉದ್ದಕ್ಕೆ ಅರ ಹಾಕಿ, ಕ್ವಾರ್ಟರಿಂಗ್ ತಪ್ಪಾದ್ರೆ ಆ ಒಂದು ಆಕ್ಸಲ್ ಬಿಚ್ಚಿ ಮತ್ತೆ ಅಂಟಿಸೋದೇ ದಾರಿ, ಅಲ್ಲಿ ತೂತು ದೊಡ್ಡದು ಮಾಡಿದ್ರೆ ಇಂಜಿನ್ ಜೀವನಪೂರ್ತಿ ಕುಂಟತ್ತೆ.

ಆಮೇಲೆ ಪಿಸ್ಟನ್. ನಿಜವಾದ ಇಂಜಿನಲ್ಲಿ ಪಿಸ್ಟನ್ 30 ಇಂಚು ಓಡತ್ತೆ, ಮಾಡೆಲಲ್ಲಿ ಸರಿಯಾಗಿ 10 ಮಿಮೀ. ಸಿಲಿಂಡರ್ ಒಳಗೆ ಅಷ್ಟು ಆಳ ಖಾಲಿ ಇದ್ಯಾ ನೋಡಿ, ಇಲ್ಲಾಂದ್ರೆ ಡ್ರಿಲ್ ಹೊಡೀರಿ, ಪಿಸ್ಟನ್ ರಾಡ್ ಮುಂದಿನ ಮುಚ್ಚಳಕ್ಕೆ ಗುದ್ದೋದು ಈ ಕಿಟ್‌ಗಳಲ್ಲಿ ಸಾಮಾನ್ಯ ಕಾಯಿಲೆ.

ಇಷ್ಟೂ ಆದ್ಮೇಲೆ ಪರೀಕ್ಷೆ. ಒಂದು ಮೀಟರ್ ಉದ್ದದ ಹಲಗೆಗೆ ಹಳಿ ಕೂರಿಸಿ ಒಂದು ತುದಿಗೆ ಮೂರ್ನಾಲ್ಕು ಸೆಂಟಿಮೀಟರ್ ದಪ್ಪದ ಪುಸ್ತಕ ಇಡಿ. ಚಾಸಿಯ ಮೇಲೆ ಸ್ವಲ್ಪ ತೂಕ ಇಟ್ಟು ಬಿಟ್ರೆ ಅದು ತಾನಾಗೇ ಕೆಳಗಿನ ತನಕ ಉರುಳ್ಬೇಕು, ಮಧ್ಯೆ ನಿಲ್ಬಾರ್ದು. ಉರುಳಿಲ್ವಾ, ಮೋಟರ್ ಡಬ್ಬಿ ತೆಗೀಲೇಬೇಡಿ, ಮತ್ತೆ ಸ್ಕೆಚ್ ಪೆನ್ ಹಿಡ್ಕೊಳಿ.

ಮೋಟರ್ ಕೂರಿಸೋದು

ಮೋಟರನ್ನ ಫೈರ್‌ಬಾಕ್ಸ್ ಒಳಗೆ ಶಾಫ್ಟ್ ಕೆಳಗೆ ಮಾಡಿ ನೆಟ್ಟಗೆ ನಿಲ್ಲಿಸಿ, ಅದ್ರ ಶಾಫ್ಟಿಗೊಂದು, ಆಕ್ಸಲ್ಲಿಗೊಂದು 0.5 ಮಾಡ್ಯೂಲಿನ (ಮಾಡ್ಯೂಲ್ ಅಂದ್ರೆ ಹಲ್ಲಿನ ಅಳತೆ) ಬೆವೆಲ್ ಗೇರ್, ಎರಡರ ತೂತೂ 3 ಮಿಮೀ. 20 ಹಲ್ಲಿನ ಗೇರ್ ಅಂದಾಜು 10 ಮಿಮೀ ಅಗಲ ಇರತ್ತೆ, 22.7ರ ಚಕ್ರದ ಹಿಂದೆ ಕಾಣಲ್ಲ, ಹಳಿಗೂ ತಾಗಲ್ಲ. ಎರಡೂ ಒಂದೇ ಅಳತೆದು ಹಾಕಿ, ವೇಗ ಇಳಿಸೋ ಕೆಲಸ ಮೋಟರಿನ ಗೇರ್‌ಬಾಕ್ಸ್ ಆಗ್ಲೇ ಮಾಡಿರತ್ತೆ. ಜಾತ್ರೆಲಿ ತಂದ ಟಾಯ್ ಕಾರ್ ಹಾಳಾಗಿ ಬಿದ್ದಿದ್ರೆ ಅದ್ರ ಗೇರೂ ಆಗತ್ತೆ, ಆದ್ರೆ ಅದ್ರ ತೂತು ಹೆಚ್ಚಾಗಿ 2 ಮಿಮೀ ಇರೋದ್ರಿಂದ ಹೊಂದಿಸೋ ಕೆಲಸ ಜಾಸ್ತಿ. ಹಲ್ಲುಗಳ ಮಧ್ಯೆ ಒಂದು ತೆಳು ಕಾಗದ ಸಿಕ್ಕಿಸಿ ಮೋಟರ್ ಒತ್ತಿ ಹಿಡಿದು ಅಂಟಿಸಿ, ಕಾಗದ ಎಳೆದ್ಮೇಲೆ ಉಳಿಯೋ ಸಂದೇ ಬೇಕಾದ ಸಂದು. ಎನ್20 ಗೇರ್‌ಬಾಕ್ಸ್ ಪಕ್ಕ ತೆರೆದಿರತ್ತೆ, ಎಪಾಕ್ಸಿ ಅದ್ರೊಳಗೆ ಹೋದ್ರೆ ಅಲ್ಲಿಗೆ ಮುಗೀತು, ಮೊದ್ಲೇ ಟೇಪ್ ಸುತ್ತಿ.

ಮೋಟರಿನ ಎರಡು ಕಾಲಿಗೆ ಅಡ್ಡವಾಗಿ 104 ಅಂತ ಬರೆದಿರೋ ಸೆರಾಮಿಕ್ ಕೆಪಾಸಿಟರ್ ಸೋಲ್ಡರ್ ಮಾಡಿ, ಮೋಟರ್ ಒಳಗಿನ ಬ್ರಷ್ಷಿನ ಕಿಡಿಯಿಂದ, ಮುಂದೆ ಬ್ಲೂಟೂತ್ ಬೋರ್ಡ್ ಹಾಕಿದ್ರೆ ಅದು ಕೆಡ್ದಿರೋಕೆ. ಸೋಲ್ಡರಿಂಗ್ ಐರನ್ ಮುಟ್ಟಿಸಿ ತಕ್ಷಣ ತೆಗೀರಿ, ಹಿಂದಿನ ಮುಚ್ಚಳ ಪ್ಲಾಸ್ಟಿಕ್. ಮೊದಮೊದಲು ಮುಂದೆ ಹಿಂದೆ ಆಗೋ ಆರು ಕಾಲಿನ ಸ್ಲೈಡ್ ಸ್ವಿಚ್ ಒಂದು ಕ್ಯಾಬ್ ಒಳಗೆ ಇದ್ರೆ ಸಾಕು. ಆಮೇಲೆ ಫೋನಲ್ಲಿ ಓಡಿಸ್ಬೇಕು ಅಂದ್ರೆ ಬ್ಲೂಟೂತ್ ಇರೋ ಚಿಕ್ಕ ಸೈಜಿನ ಇಎಸ್‌ಪಿ32 ಬೋರ್ಡ್, ಜೊತೆಗೆ ಡಿಆರ್‌ವಿ8833 ಮೋಟರ್ ಡ್ರೈವರ್, ಇವೆರಡೂ ಬಾಯ್ಲರಲ್ಲಿ ಹಿಡಿಯತ್ತೆ, ಪ್ರೋಗ್ರಾಮ್ ಬರೆಯೋಕೆ ಮನೇಲಿ ಇಂಜಿನಿಯರಿಂಗ್ ಓದೋ ಯಾರಾದ್ರೂ ಇದ್ದೇ ಇರ್ತಾರೆ.

ಬ್ಯಾಟರಿ ವಿಷ್ಯದಲ್ಲಿ ಮಾತ್ರ ಉಡಾಫೆ ಬೇಡ. ಪಕ್ಕದ ಟ್ಯಾಂಕಲ್ಲಿ 300 ಎಂಎಎಚ್ ಅಷ್ಟರ ಚಪ್ಪಟೆ ಲಿಥಿಯಂ ಸೆಲ್ ಕೂರತ್ತೆ, ಚಾರ್ಜಿಗೆ ಎಲ್ರೂ ತಗೊಳೋದು ಟಿಪಿ4056 ಬೋರ್ಡ್. ಅದು ಅಂಗಡಿಯಿಂದ ಬರೋವಾಗ 1 ಆಂಪಿಯರ್ ಚಾರ್ಜಿಗೆ ಸೆಟ್ ಆಗಿರತ್ತೆ, 300ರ ಸೆಲ್ಲಿಗೆ ಅದು ಮೂರು ಪಟ್ಟಿಗಿಂತ ಜಾಸ್ತಿ, ಬಿಸಿಯಾಗಿ ಉಬ್ಬತ್ತೆ. ಬೋರ್ಡಿನ ಮೇಲಿರೋ 1.2 ಕಿಲೋಓಮ್ ರೆಸಿಸ್ಟರ್ ತೆಗೆದು 5 ಕಿಲೋಓಮ್ ಹಾಕಿದ್ರೆ ಸುಮಾರು 250 ಮಿಲಿಆಂಪಿಯರಿಗೆ ಇಳಿಯತ್ತೆ. ಸೆಲ್ ಪ್ರೊಟೆಕ್ಷನ್ ಇರೋ ಬೋರ್ಡನ್ನೇ ಕೇಳಿ ತಗೊಳಿ, ಚಾರ್ಜಿಗೆ ಹಾಕಿ ಮಲ್ಗೋಕೆ ಹೋಗ್ಬೇಡಿ.

ತೂಕ ಮತ್ತೆ ಎಣ್ಣೆ

ಪ್ಲಾಸ್ಟಿಕ್ ಇಂಜಿನ್ ಹಗುರ, ತೂಕ ಇಲ್ದೇ ಹೋದ್ರೆ ಚಕ್ರ ನಿಂತಲ್ಲೇ ಗಿರ್ರನೆ ತಿರುಗತ್ತೆ. ಮೀನಿನ ಗಾಳಕ್ಕೆ ಕಟ್ಟೋ ಸೀಸದ ಗುಂಡು ತುಂಗಾ ಹೊಳೆ ಬದಿ ಊರುಗಳಲ್ಲಿ ಎಲ್ಲಿ ಬೇಕಾದ್ರೂ ಸಿಗತ್ತೆ, ಅದನ್ನ ಟ್ಯಾಂಕಿಗೆ, ಬಾಯ್ಲರಿಗೆ ತುಂಬಿ, ತೂಕದ ಮಧ್ಯಬಿಂದು ನಡುವಿನ ಡ್ರೈವಿಂಗ್ ಚಕ್ರದ ಮೇಲೇ ಬರ್ಲಿ, ಮುಂದೆ ಹಿಂದೆ ವಾಲಿದ್ರೆ ಎಳೆಯೋ ಶಕ್ತಿ ಹೋಗತ್ತೆ. ಬ್ಲೂಟೂತ್ ಬೋರ್ಡಿನ ಸುತ್ತ ಮಾತ್ರ ಸೀಸ ಇಡ್ಬೇಡಿ, ಸಿಗ್ನಲ್ ತಡೆಯತ್ತೆ. ಸೀಸನ ಮರಕ್ಕೆ ಹಾಕೋ ಬಿಳಿ ಅಂಟಲ್ಲಿ ಕೂರಿಸ್ಬೇಡಿ, ಆ ಅಂಟಿಂದ ಬಿಡೋ ಆಸಿಡ್ಡು ತೇವದ ಜೊತೆ ಸೇರಿ ಸೀಸನ ಬೆಳ್ಳಗೆ ಪುಡಿ ಮಾಡತ್ತೆ, ಆ ಪುಡಿ ಉಬ್ಬಿ ಬಾಯ್ಲರ್ ಒಡೆದು ಹಾಕತ್ತೆ, ಇದು ಒಂದೆರಡು ಮಳೆಗಾಲ ಕಳೆದ್ಮೇಲೆ ಕಾಣೋ ಪೆಟ್ಟು. ಎಪಾಕ್ಸಿನೇ ಹಾಕಿ, ಸೀಸ ಮುಟ್ಟಿದ ಕೈ ಸೋಪಲ್ಲಿ ತೊಳೀರಿ, ಮಕ್ಕಳ ಕೈಗೆ ಕೊಡ್ಬೇಡಿ.

ಮುಂದಿನ ಹಿಂದಿನ ಸಣ್ಣ ಚಕ್ರದ ಟ್ರಕ್ಕಿಗೂ ಒಂದೊಂದು ಗುಂಡು ಅಂಟಿಸಿ, ಹಳಿ ಬಿಟ್ಟು ಮೊದಲು ಎದ್ದು ಹೋಗೋದು ಅವೇ. ತಿರುವಲ್ಲಿ ಮುಂದಿನ ಟ್ರಕ್ಕಿನ ಚಕ್ರ ಸಿಲಿಂಡರಿಗೆ ತಾಗತ್ತಾ ನೋಡಿ, ತಾಗಿದ್ರೆ ಸಿಲಿಂಡರನ್ನ ಆ ಜಾಗದಲ್ಲಿ ಸ್ವಲ್ಪ ಉಜ್ಜಿ.

ಹೊಲಿಗೆ ಮಿಷನ್ ಎಣ್ಣೆ ಸೂಜಿ ತುದಿಲಿ ಒಂದು ಹನಿಗಿಂತ ಕಮ್ಮಿ, ಹಿತ್ತಾಳೆ ಬೇರಿಂಗಿಗೆ ಮಾತ್ರ, ಪ್ಲಾಸ್ಟಿಕ್ ಮೇಲೆ ಸೋರ್ಬಾರ್ದು. ಮನೇಲಿದೆ ಅಂತ ತೆಂಗಿನೆಣ್ಣೆ ಬಿಟ್ರೆ ಡಿಸೆಂಬರ್ ಬೆಳಿಗ್ಗೆ ಇಂಜಿನ್ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ.

ಮೇಲಿನ ಬಾಡಿನ ಅಂಟಿಸ್ಬೇಡಿ, ಎರಡು ಸ್ಕ್ರೂಲಿ ನಿಲ್ಲೋ ಹಾಗೆ ಮಾಡಿ, ಬ್ಯಾಟರಿ ಬದಲಾಯಿಸೋಕೆ ಹೇಗೂ ಬಿಚ್ಬೇಕಾಗತ್ತೆ. ಮೊದಲು ಬಾಡಿ ಇಲ್ದೇ, ಡಬ್ಬಿ ಕಟ್ಟದೇ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಿ, ಮೋಟರ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ಸರಿ, ಬೆರಳಿಡೋಕಾಗ್ದಷ್ಟು ಬಿಸಿ ಇದ್ರೆ ಇನ್ನೂ ಎಲ್ಲೋ ಬಿಗಿ ಇದೆ. ಬೆವೆಲ್ ಗೇರಿನ ಕೆಳಗೆ ಪುಡಿ ಉದುರಿದ್ರೆ ಸಂದು ಕಮ್ಮಿ ಆಗಿದೆ, ಕಟಕಟ ಸದ್ದು ಬಂದ್ರೆ ಜಾಸ್ತಿ ಆಗಿದೆ. ಅದೆಲ್ಲಾ ಸರಿ ಹೋದ್ಮೇಲೆ ಒಂದೊಂದೇ ಬೋಗಿ ಸೇರಿಸ್ತಾ ಹೋಗಿ, ಚಕ್ರ ಜಾರೋಕೆ ಶುರು ಆದ ಕಡೆ ಒಂದು ಬೋಗಿ ಕಮ್ಮಿ ಮಾಡಿದ್ರೆ ಅದೇ ನಿಮ್ಮ ರೈಲಿನ ಉದ್ದ. ಜಾಸ್ತಿ ದಿನ ಓಡಿಸದೇ ಇಡೋದಾದ್ರೆ ಸೆಲ್ ಅರ್ಧ ಚಾರ್ಜಲ್ಲಿ, 3.8 ವೋಲ್ಟ್ ಹತ್ರ ಬಿಟ್ಟು, ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿದ ಮುಚ್ಚಳದ ಡಬ್ಬಿಲಿಡಿ.